ಮೂರಕ್ಷರದ ಬೇರು: ದಿನಬಳಕೆಯ ಹೀಬ್ರೂ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಹೊರಡುವ ತಯಾರಿಯಲ್ಲಿರುವವರೂ ಇರುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಹೀಬ್ರೂ ಪದಗಳ ಬಗ್ಗೆ ಮಾತಾಡುತ್ತೇನೆ. ಬರೀ ಕುತೂಹಲಕ್ಕೆ ಕೇಳುವವರಿಗೂ ಇದರಲ್ಲಿ ಮಜಾ ಇದೆ.

ಈ ಕೆಲಸ ಮಾಡುವ ಗಂಡಸನ್ನು ಅಲ್ಲಿ ‘ಮೆತಪೆಲ್’ ಅನ್ನುತ್ತಾರೆ, ಹೆಂಗಸನ್ನು ‘ಮೆತಪೆಲೆತ್’. ಆರೈಕೆಗೆ ‘ತಿಪುಲ್’, ಆರೈಕೆ ಮಾಡುವುದಕ್ಕೆ ‘ಲೆತಪೆಲ್’. ನಾಲ್ಕನ್ನೂ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ. ತ, ಪ, ಲ ಎಲ್ಲದರಲ್ಲೂ ಇವೆ, ಅದೇ ಸಾಲಿನಲ್ಲಿ. ಇದಕ್ಕೆ ‘ಶೋರೆಶ್’ ಅಂತ ಹೆಸರು, ಅಂದರೆ ಬೇರು. ಹೆಚ್ಚಿನ ಬೇರುಗಳಿಗೆ ಮೂರೇ ವ್ಯಂಜನ. ನಡುವಿನ ಸ್ವರ ಬದಲಾದರೆ, ಮುಂದೆ ‘ಮ’ವೋ ‘ಲ’ವೋ ಬಂದು ಕೂತರೆ ಬೇರೆ ಪದ.

ಕನ್ನಡದಲ್ಲಿ ನಾವು ಪದದ ಹಿಂದೆ ಸೇರಿಸುತ್ತಾ ಹೋಗುತ್ತೇವೆ. ಕಲಿ, ಕಲಿಸು. ಬರೆ, ಬರೆಸು. ಹೀಬ್ರೂ ಪದದ ಹೊಟ್ಟೆಯೊಳಗೇ ಕೈ ಹಾಕುತ್ತದೆ. ಕಲಿಯುವುದು ‘ಲಿಲ್ಮೋದ್’, ಕಲಿಸುವುದು ‘ಲೆಲಮೇದ್’. ‘ಕತವ್’ ಅಂದರೆ ಬರೆದ. ‘ಹಿಖ್ತಿವ್’ ಅಂದರೆ ಹೇಳಿ ಬರೆಸಿದ. ಇಲ್ಲಿ ‘ಕ’ ಹೋಗಿ ‘ಖ’ ಬಂತಲ್ಲ, ಅದನ್ನು ಗಮನಿಸಿ. ಕ, ಪ, ಬ ಈ ಮೂರಕ್ಕೆ ಎರಡೆರಡು ಉಚ್ಚಾರ: ಕ-ಖ, ಪ-ಫ, ಬ-ವ. ಬರೆಯುವುದು ಒಂದೇ ಅಕ್ಷರ, ಕಿವಿಗೆ ಮಾತ್ರ ಬೇರೆ. ಕಿವಿಯಿಂದಲೇ ಕಲಿಯುವವರು ಜಾಸ್ತಿ ಎಡವುವುದು ಇಲ್ಲಿಯೇ.

ಡಾಕ್ಟರಿಗೆ ‘ರೋಫೆ’, ಔಷಧಿಗೆ ‘ತ್ರುಫಾ’, ಕ್ಲಿನಿಕ್ಕಿಗೆ ‘ಮಿರ್ಪಆ’. ಫ ಮತ್ತು ಪ ಒಂದೇ ಅಕ್ಷರ ಅಂತ ಗೊತ್ತಾದ ಮೇಲೆ ಮೂರೂ ಒಟ್ಟಿಗೆ ನೆನಪಿನಲ್ಲಿ ಉಳಿಯುತ್ತವೆ. ಹುಷಾರಿಲ್ಲದವರಿಗೆ ‘ರೆಫುಆ ಶ್ಲೆಮಾ’ ಅಂತ ಹಾರೈಸುತ್ತಾರೆ, ಪೂರ್ತಿ ಗುಣವಾಗಲಿ ಅಂತ. ಈ ‘ಶ್ಲೆಮಾ’ದ ಬೇರಿನಿಂದಲೇ ‘ಶಾಲೋಮ್’ ಬಂದದ್ದು. ದುಡ್ಡು ಕೊಡುವುದಕ್ಕಿರುವ ‘ಲೆಶಲೇಮ್’ ಕೂಡ ಅದೇ ಬೇರಿನದು. ಬಾಕಿ ಉಳಿಸದೆ ಚುಕ್ತಾ ಮಾಡುವುದು, ಅಷ್ಟೆ. ನರ್ಸಿಗೆ ‘ಅಖೋತ್’ ಅನ್ನುತ್ತಾರೆ. ಅಕ್ಕತಂಗಿಯರಿಗೂ ಅದೇ ಪದ. ನಮ್ಮ ವಾರ್ಡುಗಳಲ್ಲಿ ಸಿಸ್ಟರ್ ಅನ್ನುವುದಿಲ್ವಾ, ಹಾಗೇ.

ಹಾಗಂತ ಬೇರುಗಳ ಪಟ್ಟಿ ಹಿಡಿದು ಉರು ಹೊಡೆಯಬೇಡಿ ಅನ್ನುವುದು ನನ್ನ ಮಾತು. ಮೊದಲು ಬಳಕೆಯ ಒಂದು ವಾಕ್ಯ ಬಾಯಿಗೆ ಬರಲಿ, ಬೇರು ಆಮೇಲೆ. ನೀವು ನೋಡಿಕೊಳ್ಳುವ ಅಜ್ಜಿ ‘ಕರ್ ಲೀ’ ಅಂದರು ಅಂತಿಟ್ಟುಕೊಳ್ಳಿ. ‘ಕರ್’ ಅಂದರೆ ಚಳಿ, ‘ಲೀ’ ಅಂದರೆ ನನಗೆ. ನನಗೆ ಚಳಿ! ‘ಖಮ್ ಲೀ’ ಅಂದರೆ ನನಗೆ ಸೆಕೆ. ‘ಕೋಎವ್ ಲೀ ಹರೋಶ್’ ಅಂದರೆ ನನಗೆ ತಲೆ ನೋಯುತ್ತಿದೆ. ನಮ್ಮ ‘ನನಗೆ’ ಹೇಗೋ ಅವರ ‘ಲೀ’ ಹಾಗೆ. ಇಂಗ್ಲಿಷಿನ ಮೂಲಕ ಕಲಿಯುವವರು ‘ನಾನು ಚಳಿ’ ಎಂಬಂತೆ ‘ಅನೀ ಕರ್’ ಅಂದುಬಿಡುತ್ತಾರೆ. ಅದಕ್ಕೆ ತಣ್ಣನೆಯ ಸ್ವಭಾವದವನು ಅನ್ನುವ ಅರ್ಥ ಬರುತ್ತದೆ. ‘ಅನೀ ಖಮ್’ ಅಂದರಂತೂ ಎದುರಿನವರು ಮುಸಿಮುಸಿ ನಗುತ್ತಾರೆ. ಕನ್ನಡದಲ್ಲಿ ಯೋಚಿಸಿದರೆ ಈ ಪೇಚಾಟವೇ ಇಲ್ಲ. ಇನ್ನು ಫ್ರಿಜ್ಜಿಗೆ ‘ಮೆಕರೇರ್’. ‘ಕರ್’ ಒಳಗೇ ಇದೆ, ಕೇಳಿಸಿತಾ?

ಹೊಸ ಸಾಮಾನಿಗೆ ಹಳೆಯ ಬೇರಿನಿಂದ ಹೆಸರು ಕಟ್ಟುವ ಕೆಲಸ ಅಲ್ಲಿ ಹಟ ಹಿಡಿದು ನಡೆದಿದೆ. 1881ರಲ್ಲಿ ಎಲಿಯೆಜೆರ್ ಬೆನ್ ಯೆಹೂದಾ ಯುರೋಪಿನಿಂದ ಆ ನೆಲಕ್ಕೆ ಬಂದಾಗ ಹೀಬ್ರೂ ಪ್ರಾರ್ಥನೆಯ ಭಾಷೆ, ಬರವಣಿಗೆಯ ಭಾಷೆ. ಅಡುಗೆಮನೆಯ ಭಾಷೆಯಾಗಿರಲಿಲ್ಲ. ಅವರು ಮನೆಯಲ್ಲಿ ಅದನ್ನೇ ಆಡಬೇಕು ಅಂತ ಪಟ್ಟು ಹಿಡಿದರು. ಪದಕ್ಕೆ ‘ಮಿಲಾ’ ಅನ್ನುತ್ತಾರೆ, ಅದರಿಂದ ನಿಘಂಟಿಗೆ ‘ಮಿಲೋನ್’ ಅಂತ ಹೆಸರಿಟ್ಟವರು ಅವರೇ. 1953ರಿಂದ ಹೀಬ್ರೂ ಭಾಷಾ ಅಕಾಡೆಮಿ ಈ ಕೆಲಸ ನೋಡಿಕೊಳ್ಳುತ್ತಿದೆ. ಕಂಪ್ಯೂಟರಿಗೆ ‘ಮಖ್ಶೇವ್’ ಅನ್ನುತ್ತಾರೆ. ಅದು ಯೋಚಿಸು ಎಂಬ ಬೇರಿನದು. ಹೋಟೆಲಿನ ಬಿಲ್ಲು ‘ಖೆಶ್ಬೋನ್’ ಕೂಡ ಅಲ್ಲಿಂದಲೇ. ಆದರೆ ‘ಯಲ್ಲಾ’, ‘ಸಬಾಬಾ’ ಥರದ ಮಾತುಗಳಿಗೆ ಬೇರು ಹುಡುಕುತ್ತಾ ಕೂರಬೇಡಿ. ಅವು ಅರಬ್ಬಿಯಿಂದ ಬಂದವು, ದಿನಾ ಕಿವಿಗೆ ಬೀಳುತ್ತವೆ, ಸುಮ್ನೆ ಬಳಸಿ.

ಬೇರು ಒಂದೇ ಅಂದ ಮಾತ್ರಕ್ಕೆ ಅರ್ಥ ಊಹಿಸಲು ಹೋಗಬಾರದು. ‘ಲೆಖೆಮ್’ ಅಂದರೆ ಬ್ರೆಡ್ಡು, ‘ಮಿಲ್ಖಮಾ’ ಅಂದರೆ ಯುದ್ಧ. ಅಕ್ಷರ ಅವೇ ಮೂರು. ಯುದ್ಧದ ಪದದಿಂದ ಬ್ರೆಡ್ಡಿಗೆ ದಾರಿ ಸಿಗುವುದಿಲ್ಲ.

ಓದುವಾಗ ಇನ್ನೊಂದು ತಕರಾರು. ದಿನಬಳಕೆಯ ಬರಹದಲ್ಲಿ ಸ್ವರದ ಗುರುತುಗಳನ್ನು ಹಾಕುವುದಿಲ್ಲ. ಸ, ಪ, ರ ಅಂತ ಮೂರಕ್ಷರ ಕಂಡರೆ ಅದು ಪುಸ್ತಕ ಅನ್ನುವ ‘ಸೆಫೆರ್’ ಇರಬಹುದು, ಕ್ಷೌರಿಕ ಅನ್ನುವ ‘ಸಪಾರ್’ ಇರಬಹುದು, ಎಣಿಸಿದ ಅನ್ನುವ ‘ಸಫರ್’ ಕೂಡ ಇರಬಹುದು. ಪಕ್ಕದ ಪದಗಳನ್ನು ನೋಡಿಯೇ ತಿಳಿಯಬೇಕು. ಮಕ್ಕಳ ಪುಸ್ತಕಗಳಲ್ಲಿ ‘ನಿಕುದ್’ ಅನ್ನುವ ಚುಕ್ಕಿ, ಗೆರೆಗಳಿಂದ ಸ್ವರ ತೋರಿಸಿರುತ್ತಾರೆ. ನೀವಿರುವ ಮನೆಗೆ ಮೊಮ್ಮಕ್ಕಳು ಬಂದು ಹೋಗುತ್ತಿದ್ದರೆ ಅಂಥ ಒಂದು ಪುಸ್ತಕ ಕೇಳಿ ಇಟ್ಟುಕೊಳ್ಳಿ. ಅಜ್ಜಿಗೇ ಓದಿ ಹೇಳಿ. ಉಚ್ಚಾರ ತಪ್ಪಿದರೆ ಅವರೇ ತಿದ್ದುತ್ತಾರೆ.

ನಮಸ್ಕಾರ.