ಮಂಟಪ ಮುಳುಗ್ತು, ಫೋನ್ ಮಾಡೋರಿಲ್ಲ

ನಮಸ್ಕಾರ ಮಾರಾಯ್ರೆ. ನಮ್ಮ ಶಿವಮೊಗ್ಗದಲ್ಲಿ ತುಂಗಾ ಹೊಳೆ ಮಂಟಪ ಮುಳುಗಿದ ರಾತ್ರಿ ನಮ್ಮ ಬೀದಿಗೆ ನೀರು ನುಗ್ಗಿದ ಕಥೆ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ರು ಬರೆದಿದಾರೆ: "ಮಂಟಪ ಮುಳುಗಿದ್ರೆ ಊರಿಗೇ ಖುಷಿ, ನಿಂಗೊಬ್ಬನಿಗೆ ಯಾಕಪ್ಪ ಹೊಟ್ಟೆನೋವು?" ಹೊಟ್ಟೆನೋವಲ್ಲ ಸ್ವಾಮಿ, ಮನೆಯೊಳಗೆ ಮೊಣಕಾಲುದ್ದ ನೀರು!

ಕೋರ್ಪಲಯ್ಯನ ಛತ್ರದ ಹತ್ರ ಹೊಳೆಯೊಳಗಿರೋ ಆ ಮಂಟಪ ಮುಳುಗಿದ್ರೆ ನಮಗೆಲ್ಲ ಸೆಲ್ಫಿ ಹಬ್ಬ. ಆದ್ರೆ ಹೊಳೆ ಅಷ್ಟು ಏರಿದಾಗ ರಾಜಕಾಲುವೆ, ಅಂದ್ರೆ ಊರಿನ ದೊಡ್ಡ ಚರಂಡಿ ನೀರು ಹೊಳೆಗೆ ಇಳಿಯಲ್ಲ, ಬಂದ ದಾರೀಲೇ ವಾಪಸ್ ಬರುತ್ತೆ. ಮೇಲ್ಗಡೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಂ ಚಿಕ್ಕದು, ಹಿಡಿಯೋದೇ 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಹೊಯ್ದು ಡ್ಯಾಂ ತುಂಬಿದ್ರೆ ಬಂದಷ್ಟನ್ನೂ ಬಿಡಲೇಬೇಕು. ಹಾಗಾಗಿ ಗೇಟ್ ಎತ್ತೋರು, ಚರಂಡಿ ನೋಡೋರು, ಕರೆಂಟ್‌ನೋರು, ಜೆಸಿಬಿ ಇಟ್ಕೊಂಡೋರು, ಆಸ್ಪತ್ರೆಯವರು, ಎಲ್ರೂ ಒಬ್ರಿಗೊಬ್ರು ಫೋನ್ ಮಾಡ್ಬೇಕು. ನಾನು ಹೇಳೋದು ಇಷ್ಟೇ.

ಆವತ್ತು ರಾತ್ರಿ ನಮ್ಮ ಬೀದೀಲಿ ಚೇಂಬರ್ ಮುಚ್ಚಳ ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಕುಣೀತಿತ್ತು. ಒಂದು ಕಚೇರಿಗೆ ಫೋನ್ ಮಾಡಿದೆ: "ಅದು ನಮಗೆ ಬರಲ್ಲ ಸಾರ್." ಅವರು ಕೊಟ್ಟ ನಂಬರಿಗೆ ಮಾಡಿದೆ: "ಮೊದಲು ಮಾಡಿದ್ರಲ್ಲ, ಅವರಿಗೇ ಹೇಳಿ." ಕೊನೆಗೆ ಪಕ್ಕದ್ಮನೆ ಅಜ್ಜಿನ ಲಾರಿ ಟ್ಯೂಬಲ್ಲಿ ಕೂರಿಸಿ ದಾಟಿಸಿದ್ದು ಗ್ಯಾರೇಜ್ ಹುಡುಗ್ರು. ಅಜ್ಜಿ ಕೈಯಲ್ಲಿ ಬಿಪಿ ಮಾತ್ರೆ ಡಬ್ಬಿ, ಮಡಿಲಲ್ಲಿ ಬೆಕ್ಕು. ಬೆಕ್ಕು ನನ್ನನ್ನೇ ಗುರಾಯಿಸ್ತಿತ್ತು, ನಾನೇ ಗೇಟ್ ತೆಗೆದ ಹಾಗೆ!

"ಕಾನೂನು ಇದೆಯಲ್ಲ" ಅಂತೀರಿ. ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೇಲಿ ಇಂಥದ್ದಕ್ಕೇ ಜಿಲ್ಲಾ ಪ್ರಾಧಿಕಾರ, ಡಿಸಿ ಅಧ್ಯಕ್ಷರು. 2025ರ ತಿದ್ದುಪಡೀಲಿ ಮಹಾನಗರ ಪಾಲಿಕೆ ಇರೋ ಊರಿಗೆ ನಗರ ಪ್ರಾಧಿಕಾರ ಬೇರೆ ಮಾಡಬಹುದು, ಪಾಲಿಕೆ ಕಮಿಷನರ್ ಅಧ್ಯಕ್ಷರು. ಭೇಷ್, ಕುರ್ಚಿ ಎರಡಾಯ್ತು. ರಾತ್ರಿ ಎರಡು ಗಂಟೆಗೆ ಫೋನ್ ಯಾರು ಮಾಡ್ತಾರೆ ಹೇಳಿ!

"ಚರಂಡಿಗೆ ಪ್ಲಾಸ್ಟಿಕ್ ಹಾಕೋದು ಜನಾನೇ ಅಲ್ವಾ?" ಬಂದ್ರಪ್ಪ ಬುದ್ಧಿವಂತ್ರು! ಹಾಕ್ತೀವಿ, ನಾನೂ ಹಾಕಿದೀನಿ, ತಪ್ಪೇ. ಹೊಳೇನೇ ಒಳಗೆ ಬಂದಾಗ ಪ್ಲಾಸ್ಟಿಕ್ ತೆಗೆದು ಏನ್ ಮಾಡ್ತೀರಿ, ದೋಣಿ ಮಾಡ್ತೀರಾ? ಫೋನ್ ಮಾಡಿ ಅಂತಿದೀನಿ, ಫೋನ್!

ಅಂದ ಹಾಗೆ, ನಮ್ಮ ಚಾನೆಲ್ ಟೀಶರ್ಟ್ ಬಂದಿದೆ. ನೆಂದ್ರೂ ಬಣ್ಣ ಬಿಡಲ್ಲ, ನಾನೇ ಆವತ್ತು ರಾತ್ರಿಯೆಲ್ಲಾ ಪರೀಕ್ಷೆ ಮಾಡಿದೀನಿ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಈ ಗಂಟೆಯಾದ್ರೂ ಯಾರಿಗಾದ್ರೂ ಕೇಳ್ಲಿ.

ಸಭೆ ಬೇಡ. ಬಾಗಿನ ಬಿಡಿ, ಫೋಟೋ ತೆಗೀರಿ, ಆದ್ರೆ ಅದಕ್ಕೆ ಮೊದ್ಲು ಆ ಹಾಳು ಫೋನ್... ಅಯ್ಯೋ, ಹೊರಗೆ ಮತ್ತೆ ಶುರುವಾಯ್ತಲ್ಲ. ಬೈಕ್ ಜಗಲಿ ಮೇಲೆ ಹತ್ತಿಸ್ಬೇಕು, ಸಿಗ್ತೀನಿ.