ಫಿಲ್ಬರ್ಟ್ ಸ್ಟ್ರೀಟ್, ರೋಕರ್ ಪಾರ್ಕ್, ಹೈಬರಿ: ಹಳೆಯ ಮೈದಾನಗಳ ಹೆಸರು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದಷ್ಟು ಹೆಸರು ಓದುತ್ತೇನೆ. ಸುಮ್ನೆ ಕೇಳಿ. ಹೈಬರಿ. ಮೇನ್ ರೋಡ್. ರೋಕರ್ ಪಾರ್ಕ್. ಫಿಲ್ಬರ್ಟ್ ಸ್ಟ್ರೀಟ್. ಏರ್ಸಮ್ ಪಾರ್ಕ್. ದ ಡೆಲ್. ಬರ್ನ್‌ಡನ್ ಪಾರ್ಕ್. ವೆಚ್ ಫೀಲ್ಡ್. ಅಪ್ಟನ್ ಪಾರ್ಕ್.

ಇವೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಫುಟ್‌ಬಾಲ್ ಮೈದಾನಗಳು. ಮೈದಾನಗಳಾಗಿದ್ದವು ಅನ್ನಬೇಕು. ಇವುಗಳಲ್ಲಿ ಒಂದರಲ್ಲೂ ಈಗ ಆಟ ಇಲ್ಲ. ಹೆಚ್ಚಿನ ಕಡೆ ಮನೆಗಳೆದ್ದಿವೆ. ಒಂದು ಕಡೆ ಸೂಪರ್‌ಮಾರ್ಕೆಟ್ ಇದೆ. ಇನ್ನೊಂದು ಕಡೆ ಜನ ತರಕಾರಿ ಬೆಳೆಯುತ್ತಿದ್ದಾರೆ. ನಾನು ಈ ಹೆಸರುಗಳನ್ನು ಮೊದಲು ಕೇಳಿದ್ದು ರೇಡಿಯೊದಲ್ಲಿ. ಆಟ ಕಾಣುತ್ತಿರಲಿಲ್ಲ, ಹೆಸರು ಮಾತ್ರ ಕಿವಿಗೆ ಬೀಳುತ್ತಿತ್ತು. ಹಾಗಾಗಿ ನನಗೆ ತಂಡಕ್ಕಿಂತ ಮೈದಾನದ ಹೆಸರಿನ ಮೇಲೆ ಪ್ರೀತಿ ಜಾಸ್ತಿ. ಇವತ್ತು ಮಾತಾಡುವುದು ಅದರ ಬಗ್ಗೆಯೇ.

ಈ ಹೆಸರುಗಳಲ್ಲಿ ಹೆಚ್ಚಿನವನ್ನು ಫುಟ್‌ಬಾಲಿನವರು ಇಟ್ಟದ್ದಲ್ಲ. ಹುಡುಗರು ಆಡಲು ಜಾಗ ಹುಡುಕಿದರು. ಸಿಕ್ಕ ಜಾಗಕ್ಕೆ ಮೊದಲೇ ಒಂದು ಹೆಸರಿತ್ತು. ಅದೇ ಮೈದಾನದ ಹೆಸರಾಯಿತು, ಅಷ್ಟೆ. ಲೆಸ್ಟರ್ ತಂಡ 1891ರಲ್ಲಿ ಹೋಗಿ ನೆಲೆ ನಿಂತದ್ದು ಫಿಲ್ಬರ್ಟ್ ಸ್ಟ್ರೀಟ್‌ನಲ್ಲಿ. ಫಿಲ್ಬರ್ಟ್ ಅಂದರೆ ಹೇಜಲ್ ಜಾತಿಯ ಒಂದು ಕಾಯಿ. ಪಕ್ಕದಲ್ಲಿ ವಾಲ್‌ನಟ್ ಸ್ಟ್ರೀಟ್, ಹೇಜಲ್ ಸ್ಟ್ರೀಟ್. ಆ ಬಡಾವಣೆಗೆಲ್ಲ ಕಾಯಿಗಳ ಹೆಸರು! ಸ್ವಾನ್ಸಿಯ ವೆಚ್ ಫೀಲ್ಡ್‌ನದೂ ಅದೇ ಕಥೆ. ವೆಚ್ ಅಂದರೆ ದನದ ಮೇವಿಗೆ ಬೆಳೆಯುವ ಒಂದು ಬಳ್ಳಿ. ತಂಡ ಅಲ್ಲಿ ಆಡತೊಡಗಿದ್ದು 1912ರಲ್ಲಿ. ಅದಕ್ಕೂ ಮೊದಲು ಆ ಹೊಲದಲ್ಲಿ ಮೇವು ಬೆಳೆಯುತ್ತಿದ್ದರು. 2005ರಲ್ಲಿ ತಂಡ ಬೇರೆ ಕಡೆ ಹೋಯಿತು. ಆಮೇಲೆ ಅಲ್ಲಿ ಸುತ್ತಮುತ್ತಲಿನ ಜನ ಸೇರಿ ತರಕಾರಿ ತೋಟ ಮಾಡಿದರು. ಹೊಲ ಮತ್ತೆ ಬೆಳೆ ಕಂಡಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮ್ಯಾಂಚೆಸ್ಟರ್ ಸಿಟಿಯ ಹಳೆಯ ಮನೆ ಮೇನ್ ರೋಡ್. ನಾವು ದಿನಾ ಬಾಯಲ್ಲಿ ಹೇಳುವ 'ಮೇನ್ ರೋಡ್' ಅಲ್ಲ ಇದು. ಅಮೆರಿಕದಲ್ಲಿ ಮೇನ್ ಅನ್ನುವ ರಾಜ್ಯ ಇದೆ. 1851ರಲ್ಲಿ ಆ ರಾಜ್ಯ ಮದ್ಯಪಾನ ನಿಷೇಧದ ಕಾನೂನು ತಂದಿತು. ಮ್ಯಾಂಚೆಸ್ಟರಿನ ಮದ್ಯವಿರೋಧಿಗಳು ಆ ಕಾನೂನಿನ ನೆನಪಿಗೆ ಒಂದು ರಸ್ತೆಯ ಹೆಸರು ಬದಲಿಸಿದರು. ಅದಕ್ಕೂ ಮೊದಲು ಅದು ಡಾಗ್ ಕೆನಲ್ ಲೇನ್, ಅಂದರೆ ನಾಯಿಗೂಡಿನ ಓಣಿ. ಆ ರಸ್ತೆಯ ಮೈದಾನದಲ್ಲಿ 1934ರ ಒಂದು ಪಂದ್ಯಕ್ಕೆ 84,569 ಜನ ಸೇರಿದ್ದರು.

ಡರ್ಬಿಯ ಬೇಸ್‌ಬಾಲ್ ಗ್ರೌಂಡ್ ನೋಡಿ. ಫ್ರಾನ್ಸಿಸ್ ಲೇ ಅನ್ನುವ ಕಾರ್ಖಾನೆ ಮಾಲೀಕರಿಗೆ ಅಮೆರಿಕಕ್ಕೆ ಹೋದಾಗ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಊರಿಗೆ ಮರಳಿ ತಮ್ಮ ಕಾರ್ಮಿಕರಿಗೆ ಆಡಲು ಅಂಗಳ ಮಾಡಿಕೊಟ್ಟರು. ಬೇಸ್‌ಬಾಲ್ ಆ ಊರಿನಲ್ಲಿ ಬೇರು ಬಿಡಲಿಲ್ಲ. ಹೆಸರು ಮಾತ್ರ 1997ರವರೆಗೆ, ಫುಟ್‌ಬಾಲ್ ತಂಡ ಅಲ್ಲಿಂದ ಹೋಗುವವರೆಗೂ, ಹಾಗೇ ಇತ್ತು. ಇನ್ನು ವೆಸ್ಟ್ ಹ್ಯಾಮ್‌ನ ಅಪ್ಟನ್ ಪಾರ್ಕಿಗೆ ಬೊಲಿನ್ ಗ್ರೌಂಡ್ ಅಂತಲೂ ಹೆಸರು. ಪಕ್ಕದಲ್ಲೊಂದು ಹಳೆಯ ಬಂಗಲೆ ಇತ್ತು. ಎಂಟನೇ ಹೆನ್ರಿಯ ರಾಣಿ ಆ್ಯನ್ ಬೊಲಿನ್‌ಗೂ ಅದಕ್ಕೂ ನಂಟಿತ್ತೆಂದು ಜನ ನಂಬಿದ್ದರು. ಆ ನಂಬಿಕೆಯೇ ಮೈದಾನಕ್ಕೆ ಹೆಸರು ಕೊಟ್ಟಿತು.

ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್ ಮೈದಾನದ ಒಂದು ತುದಿಗೆ 'ಕಾಪ್' ಅನ್ನುತ್ತಾರೆ. ಈ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ದಕ್ಷಿಣ ಆಫ್ರಿಕಾದಲ್ಲಿ ಸ್ಪಿಯೋನ್ ಕಾಪ್ ಅನ್ನುವ ಗುಡ್ಡ ಇದೆ. 1900ರ ಜನವರಿಯಲ್ಲಿ ಬ್ರಿಟಿಷರು ಮತ್ತು ಆ ನಾಡಿನಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರ್‌ಗಳು ಅಲ್ಲಿ ಕಾದಾಡಿದರು. ಬ್ರಿಟಿಷರ ಕಡೆ ನೂರಾರು ಸೈನಿಕರು ಸತ್ತರು. ಅವರಲ್ಲಿ ಅನೇಕರು ಲಿವರ್‌ಪೂಲ್ ಸುತ್ತಲಿನ ಲ್ಯಾಂಕಾಶೈರ್ ಕಡೆಯ ಹುಡುಗರು. ಆರು ವರ್ಷದ ಮೇಲೆ ಆ್ಯನ್‌ಫೀಲ್ಡ್‌ನಲ್ಲಿ ಜನ ನಿಂತು ನೋಡಲು ದೊಡ್ಡ ದಿಬ್ಬ ಎಬ್ಬಿಸಿದರು. ಅದಕ್ಕೆ ಸ್ಪಿಯೋನ್ ಕಾಪ್ ಅನ್ನಬೇಕೆಂದು ಅರ್ನೆಸ್ಟ್ ಎಡ್ವರ್ಡ್ಸ್ ಎಂಬ ಪತ್ರಕರ್ತರು ಹೇಳಿದರು. ಜನ ಒಪ್ಪಿದರು. ಅಣ್ಣ ತಮ್ಮಂದಿರನ್ನು ಕಳೆದುಕೊಂಡವರೂ ಅದೇ ದಿಬ್ಬದ ಮೇಲೆ ನಿಂತು ಆಟ ನೋಡಿರಬೇಕು ಅಲ್ವಾ?

ಆ ಗುಡ್ಡದ ಯುದ್ಧದಲ್ಲಿ ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತು ತಂದವರಲ್ಲಿ ನೇಟಾಲ್‌ನ ಭಾರತೀಯರ ತಂಡವೂ ಇತ್ತು. ಆ ತಂಡ ಕಟ್ಟಿದವರು ಮೋಹನದಾಸ ಕರಮಚಂದ ಗಾಂಧಿ. ಟಿವಿಯಲ್ಲಿ 'ಕಾಪ್' ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಹೆಗಲ ಮೇಲೆ ಡೋಲಿ ಹೊತ್ತು ಆ ಗುಡ್ಡದ ಬುಡದಲ್ಲಿ ನಡೆಯುತ್ತಿರುವ ಯುವಕ ಗಾಂಧಿ ಕಣ್ಣ ಮುಂದೆ ಬರುತ್ತಾರೆ.

ಆ ಮೈದಾನಗಳು ಹೇಗಿದ್ದವು? ಊರ ನಡುವೆ, ಮನೆಗಳ ಸಾಲಿಗೆ ಅಂಟಿಕೊಂಡಿದ್ದವು. ಓಣಿಯಲ್ಲಿ ನಡೆದು ಬಂದರೆ ಮನೆಗಳ ಹಿಂದೆ ಇದ್ದಕ್ಕಿದ್ದಂತೆ ದೀಪದ ಕಂಬಗಳು ಕಾಣುತ್ತಿದ್ದವು. ಬ್ರೆಂಟ್‌ಫರ್ಡ್‌ನ ಗ್ರಿಫಿನ್ ಪಾರ್ಕಿನ ನಾಲ್ಕು ಮೂಲೆಗೂ ಒಂದೊಂದು ಪಬ್. ಎವರ್ಟನ್‌ನ ಗುಡಿಸನ್ ಪಾರ್ಕಿನ ಮೂಲೆಯಲ್ಲಿ ಸೇಂಟ್ ಲ್ಯೂಕ್ ಚರ್ಚ್, ಎರಡು ಗ್ಯಾಲರಿಗಳ ಸಂದಿಯಲ್ಲಿ ಇಣುಕಿದ ಹಾಗೆ. ಶ್ರೂಸ್‌ಬರಿಯ ಗೇ ಮೆಡೋ ಸೆವರ್ನ್ ನದಿಯ ದಡದಲ್ಲೇ ಇತ್ತು. ಚೆಂಡು ಹಾರಿ ನೀರಿಗೆ ಬಿದ್ದರೆ ಒಬ್ಬರು ಹರಿಗೋಲಿನಲ್ಲಿ ಹೋಗಿ ಎತ್ತಿ ತರುತ್ತಿದ್ದರು. ಹಲ್ ನಗರದ ಬೂತ್‌ಫೆರಿ ಪಾರ್ಕಿನ ಹೊರಗೆ ದೊಡ್ಡ ಅಕ್ಷರದ ಫಲಕ. ವರ್ಷಗಳು ಕಳೆದ ಹಾಗೆ ಅಕ್ಷರಗಳು ಕೆಟ್ಟು ಕೊನೆಗೆ ಉಳಿದದ್ದು 'ಫೆರ್ ಆರ್ಕ್' ಮಾತ್ರ. ಜನ ಅದನ್ನೂ ಪ್ರೀತಿಯಿಂದ ಆ ಮೈದಾನದ ಅಡ್ಡಹೆಸರು ಮಾಡಿಕೊಂಡರು.

ಅಲ್ಲಿ ಟೆರೇಸ್ ಅಂದರೆ ಮನೆಯ ಮೇಲಿನ ತಾರಸಿಯಲ್ಲ. ನಿಂತುಕೊಂಡು ಆಟ ನೋಡುವ ಅಗಲ ಮೆಟ್ಟಿಲುಗಳು. ಟಿಕೆಟ್ ಅಗ್ಗ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ಮಗ ನಿಲ್ಲುತ್ತಿದ್ದ. ಅಕ್ಕಪಕ್ಕದವರ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತು. ಗೋಲು ಬಿದ್ದಾಗ ಇಡೀ ಮೆಟ್ಟಿಲಿನ ಜನ ಅಲೆಯ ಹಾಗೆ ಕೆಳಗೆ ಸರಿಯುತ್ತಿದ್ದರು.

ಆ ಅಲೆಯ ಬಗ್ಗೆ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಳೆಯದನ್ನು ನೆನೆದು ಕಣ್ಣು ತುಂಬಿಕೊಳ್ಳುವಾಗ ಇದನ್ನು ಬಿಟ್ಟರೆ ತಪ್ಪಾಗುತ್ತದೆ. ಆ ಮೈದಾನಗಳು ಜನರನ್ನು ಕೊಂದಿವೆ.

1902ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಮರದ ಗ್ಯಾಲರಿ ಕುಸಿದು 25 ಜನ ಸತ್ತರು. ಅದನ್ನು ಕಟ್ಟಿದ್ದು ಆರ್ಚಿಬಾಲ್ಡ್ ಲೀಚ್ ಎಂಬ ಎಂಜಿನಿಯರ್. ಮುಂದೆ ಅವರೇ ಗುಡಿಸನ್, ಹೈಬರಿ, ಏರ್ಸಮ್, ರೋಕರ್ ಮೈದಾನಗಳಲ್ಲೂ ಗ್ಯಾಲರಿ ಕಟ್ಟಿದರು. ಅದೇ ಐಬ್ರಾಕ್ಸ್‌ನ ಮೆಟ್ಟಿಲಲ್ಲಿ 1971ರಲ್ಲಿ 66 ಜನ ತುಳಿತಕ್ಕೆ ಸಿಕ್ಕಿ ಸತ್ತರು. 1946ರ ಮಾರ್ಚ್ 9ರಂದು ಬೋಲ್ಟನ್‌ನ ಬರ್ನ್‌ಡನ್ ಪಾರ್ಕಿನಲ್ಲಿ ನೂಕುನುಗ್ಗಲಿಗೆ 33 ಜನ ಬಲಿಯಾದರು. ಹೆಣಗಳನ್ನು ಗೆರೆಯ ಪಕ್ಕ ಮಲಗಿಸಿ, ಮೇಲೆ ಕೋಟು ಹೊದಿಸಿ, ಆಟ ಮುಂದುವರಿಸಿದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1985ರ ಮೇ 11ರಂದು ಬ್ರಾಡ್‌ಫರ್ಡ್‌ನ ವ್ಯಾಲಿ ಪರೇಡ್‌ನಲ್ಲಿ ಮರದ ಗ್ಯಾಲರಿಗೆ ಬೆಂಕಿ ಹತ್ತಿತು. ಹಲಗೆಗಳ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದ ಕಸಕ್ಕೆ ಬೆಂಕಿ ತಗುಲಿ 56 ಜನ ಸತ್ತರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಕಬ್ಬಿಣದ ಬೇಲಿಗೆ ಒತ್ತಿಹೋದರು. ಆ ದುರಂತದಲ್ಲಿ ಸತ್ತವರು 97.

ಹಿಲ್ಸ್‌ಬರೊ ಆದಮೇಲೆ 1990ರಲ್ಲಿ ನ್ಯಾಯಮೂರ್ತಿ ಟೇಲರ್ ಅವರ ವರದಿ ಬಂತು. ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕೂರಲು ಸೀಟು ಇರಬೇಕು ಎಂದಾಯಿತು. ಲಿವರ್‌ಪೂಲ್‌ನ ಕಾಪ್‌ನಲ್ಲಿ ಜನ ಕೊನೆಯ ಸಲ ನಿಂತು ನೋಡಿದ್ದು 1994ರ ಏಪ್ರಿಲ್ 30ರಂದು. ಇಕ್ಕಟ್ಟಿನ ಓಣಿಗಳ ನಡುವೆ ದೊಡ್ಡ ಗ್ಯಾಲರಿ ಕಟ್ಟಲು ಜಾಗ ಎಲ್ಲಿ? ಹಾಗಾಗಿ ಅನೇಕ ತಂಡಗಳು ಊರಾಚೆಗೆ ಹೊರಟವು. ಮಿಡಲ್ಸ್‌ಬರೊ 1995ರಲ್ಲಿ. ಸಂಡರ್‌ಲೆಂಡ್, ಡರ್ಬಿ, ಬೋಲ್ಟನ್, ಸ್ಟೋಕ್ ನಾಲ್ಕೂ 1997ರಲ್ಲಿ. ಹೊರಡಬಾರದಿತ್ತು ಎಂದು ನಾನು ಹೇಳುವುದಿಲ್ಲ. ಮಕ್ಕಳು ಆಟ ನೋಡಿ ಮನೆಗೆ ಜೀವಂತ ಬರಬೇಕು.

ಆದರೆ ಹೆಸರು? ಹೆಸರಿನಿಂದ ಯಾರೂ ಸತ್ತಿರಲಿಲ್ಲ. ಹೊಸ ಜಾಗಕ್ಕೆ ಹೋದರೂ ಆ ಜಾಗದ ಹೆಸರನ್ನು ಇಡಬಹುದಿತ್ತು. ಅದರ ಬದಲು ಮಾರಿದರು. ಬೋಲ್ಟನ್ ತಂಡ ಬರ್ನ್‌ಡನ್ ಪಾರ್ಕಿನಲ್ಲಿ 1895ರಿಂದ 1997ರವರೆಗೆ ಆಡಿತು. 102 ವರ್ಷಕ್ಕೆ ಒಂದೇ ಹೆಸರು. ಹೊಸ ಮೈದಾನ ಮೊದಲು ರೀಬಾಕ್ ಸ್ಟೇಡಿಯಂ. 2014ರಲ್ಲಿ ಮ್ಯಾಕ್ರನ್ ಸ್ಟೇಡಿಯಂ. 2018ರಲ್ಲಿ ಯೂನಿವರ್ಸಿಟಿ ಆಫ್ ಬೋಲ್ಟನ್ ಸ್ಟೇಡಿಯಂ. 2023ರಲ್ಲಿ ಟಫ್‌ಶೀಟ್ ಸ್ಟೇಡಿಯಂ. ಬೂಟು, ಜೆರ್ಸಿ, ವಿಶ್ವವಿದ್ಯಾಲಯ, ಕಟ್ಟಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ. ಅಲ್ಲಿ ಹತ್ತು ವರ್ಷದವನಿದ್ದಾಗ ಮೊದಲ ಆಟ ನೋಡಿದ ಹುಡುಗ ಮುಂದೆ ತನ್ನ ಮಗನಿಗೆ ಯಾವ ಹೆಸರು ಹೇಳಬೇಕು? ತಂಡಗಳಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಜೆರ್ಸಿಯ ಎದೆಯ ಮೇಲೆ ಏನು ಬೇಕಾದರೂ ಬರೆದುಕೊಳ್ಳಲಿ, ಜೆರ್ಸಿ ವರ್ಷ ವರ್ಷ ಬದಲಾಗುವುದೇ. ಜಾಗ ಹಾಗಲ್ಲ.

ನ್ಯೂಕಾಸಲ್ ಜನ ಇದನ್ನು ಜೋರಾಗಿಯೇ ಹೇಳಿದರು. ಅವರ ಸೇಂಟ್ ಜೇಮ್ಸ್ ಪಾರ್ಕ್ ಹೊಸ ಮೈದಾನವೂ ಅಲ್ಲ. 1892ರಿಂದ ತಂಡ ಅಲ್ಲೇ ಆಡುತ್ತಿದೆ. 2011ರಲ್ಲಿ ಮಾಲೀಕರು ಅದನ್ನು ತಮ್ಮದೇ ಅಂಗಡಿಗಳ ಹೆಸರಿನಲ್ಲಿ 'ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ' ಅಂದರು. ಊರು ಕೋಪಗೊಂಡಿತು. ಹೊಸ ಹೆಸರನ್ನು ಬಾಯಲ್ಲಿ ಹೇಳಲು ಅಭಿಮಾನಿಗಳು ಒಪ್ಪಲಿಲ್ಲ. ಮರುವರ್ಷ ಸಾಲ ಕೊಡುವ ಒಂದು ಕಂಪನಿ ತಂಡದ ಪ್ರಾಯೋಜಕನಾಗಿ ಬಂತು, ಮತ್ತು ಹಳೆಯ ಹೆಸರನ್ನೇ ವಾಪಸ್ ಕೊಡಿಸಿತು. ಹೆಸರನ್ನು ಅಳಿಸುವುದಕ್ಕಿಂತ ಉಳಿಸಿದರೆ ಒಳ್ಳೆಯ ಹೆಸರು ಬರುತ್ತದೆ ಎಂದು ಒಂದು ವ್ಯಾಪಾರಿ ಕಂಪನಿಗೇ ಅರ್ಥವಾಗಿತ್ತು.

ಇನ್ನೊಂದು ವಿಚಾರ ನನಗೆ ಬಹಳ ಇಷ್ಟ. ಯುರೋಪಿನ ಚಾಂಪಿಯನ್ಸ್ ಲೀಗ್‌ಗೆ ಅದರದೇ ಪ್ರಾಯೋಜಕರಿದ್ದಾರೆ. ಹಾಗಾಗಿ ಮೈದಾನದ ಹೆಸರಿನಲ್ಲಿ ಬೇರೆ ಕಂಪನಿ ಇದ್ದರೆ ಆ ರಾತ್ರಿಗಳಲ್ಲಿ ಅದನ್ನು ಕೈಬಿಡುತ್ತಾರೆ. ಆರ್ಸೆನಲ್ ತಂಡ ಹೈಬರಿ ಬಿಟ್ಟು ಹೋದ ಎಮಿರೇಟ್ಸ್ ಸ್ಟೇಡಿಯಂ ಆಗ ಬರೀ 'ಆರ್ಸೆನಲ್ ಸ್ಟೇಡಿಯಂ'. ಇದರಲ್ಲೇನು ವಿಶೇಷ ಅಂತೀರಾ? ಹಳೆಯ ಹೈಬರಿಗೆ ಕಾಗದದ ಮೇಲೆ ಇದ್ದ ಹೆಸರೂ ಆರ್ಸೆನಲ್ ಸ್ಟೇಡಿಯಂ ಅಂತಲೇ. ವರ್ಷಕ್ಕೆ ಕೆಲವು ರಾತ್ರಿ ಆ ಹಳೆಯ ಹೆಸರು ಮರಳಿ ಬರುತ್ತದೆ.

ಜಾಗ ಬಿಟ್ಟವರಲ್ಲಿ ವಾಪಸ್ ಬಂದವರೂ ಇದ್ದಾರೆ. ಲಂಡನ್ನಿನ ಚಾರ್ಲ್ಟನ್ ತಂಡ 1985ರಲ್ಲಿ ತನ್ನ 'ದ ವ್ಯಾಲಿ' ಮೈದಾನ ತೊರೆದು ಬೇರೆಯವರ ಅಂಗಳದಲ್ಲಿ ಆಡತೊಡಗಿತು. ವ್ಯಾಲಿಯ ಮೆಟ್ಟಿಲುಗಳ ಮೇಲೆ ಗಿಡಗಂಟಿ ಬೆಳೆಯಿತು. ಅಭಿಮಾನಿಗಳು ತಾವೇ ಬಂದು ಅದನ್ನು ಕಿತ್ತು ಸ್ವಚ್ಛ ಮಾಡಿದರು. ನಗರಸಭೆ ಮೈದಾನದ ಯೋಜನೆಗೆ ಒಪ್ಪಿಗೆ ಕೊಡಲಿಲ್ಲ. ಆಗ ಅವರು ಏನು ಮಾಡಿದರು ಗೊತ್ತಾ? 'ವ್ಯಾಲಿ ಪಾರ್ಟಿ' ಅಂತ ಪಕ್ಷ ಕಟ್ಟಿ 1990ರ ಸ್ಥಳೀಯ ಚುನಾವಣೆಗೆ ನಿಂತರು. ಒಂದು ಮೈದಾನಕ್ಕಾಗಿ 14,838 ಮತ ಬಿತ್ತು. 1992ರ ಡಿಸೆಂಬರ್ 5ರಂದು ತಂಡ ವ್ಯಾಲಿಗೆ ಮರಳಿತು, ಆ ದಿನ 1-0ಯಿಂದ ಗೆದ್ದಿತು ಕೂಡ.

ವಿಂಬಲ್ಡನ್ ಜನ ಇನ್ನೂ ಜಾಸ್ತಿ ಕಾದರು. 1991ರಲ್ಲಿ ಅವರ ಮೈದಾನ ಪ್ಲೌ ಲೇನ್ ಕೈತಪ್ಪಿತು. ಆಮೇಲೆ ತಂಡವನ್ನೇ ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಅನುಮತಿ ಸಿಕ್ಕಿತು. ಅಭಿಮಾನಿಗಳು 2002ರಲ್ಲಿ ತಮ್ಮದೇ ಹೊಸ ತಂಡ ಕಟ್ಟಿ ತಳಮಟ್ಟದ ಲೀಗ್‌ನಿಂದ ಶುರು ಮಾಡಿದರು. 2020ರ ನವೆಂಬರ್‌ನಲ್ಲಿ ಹಳೆಯ ಜಾಗದ ಪಕ್ಕದಲ್ಲೇ ಹೊಸ ಮೈದಾನ ಸಿದ್ಧವಾಯಿತು. ಹೆಸರು ಮತ್ತೆ ಪ್ಲೌ ಲೇನ್. ಕೊರೊನಾ ಕಾಲವಾದ್ದರಿಂದ ಮೊದಲ ಪಂದ್ಯದ ದಿನ ಗ್ಯಾಲರಿ ಖಾಲಿ. ಸುಮಾರು 29 ವರ್ಷ ಕಾದವರು ಬಾಗಿಲ ಹೊರಗೇ ಉಳಿದರು. ಆದರೂ ಮೈದಾನ ಅವರದೇ ಆಗಿತ್ತು.

ಕಳೆದ ವರ್ಷಗಳಲ್ಲಿ ಎಲ್ಲರಿಗೂ ಹತ್ತಿರವಾದ ವಿದಾಯ ಗುಡಿಸನ್ ಪಾರ್ಕಿನದು. 1892ರಿಂದ ಎವರ್ಟನ್ ಅಲ್ಲೇ ಇತ್ತು. ಒಂದೇ ಋತುವಿನಲ್ಲಿ 60 ಲೀಗ್ ಗೋಲು ಹೊಡೆದ ಡಿಕ್ಸಿ ಡೀನ್ 1980ರಲ್ಲಿ ಅಲ್ಲಿಯೇ, ಲಿವರ್‌ಪೂಲ್ ವಿರುದ್ಧದ ಪಂದ್ಯ ನೋಡುತ್ತಿರುವಾಗ ತೀರಿಕೊಂಡರು. 2025ರ ಮೇ 18ರಂದು ಪುರುಷರ ತಂಡ ಕೊನೆಯ ಪಂದ್ಯ ಆಡಿತು. ಈಗ ಅವರ ಮನೆ ನದಿಯ ಪಕ್ಕದ ಹಳೆಯ ಹಡಗುಕಟ್ಟೆಯಲ್ಲಿದೆ. ಅದಕ್ಕೆ ಒಂದು ವಕೀಲರ ಸಂಸ್ಥೆಯ ಹೆಸರು. ಆದರೆ ಗುಡಿಸನ್ ಕೆಡವಲಿಲ್ಲ. ಅದನ್ನು ಎವರ್ಟನ್ ಮಹಿಳಾ ತಂಡಕ್ಕೆ ಕೊಟ್ಟರು. ಇಷ್ಟು ಸರಿಯಾದ ತೀರ್ಮಾನವನ್ನು ಈ ವಿಷಯದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಕೆಡವಿದ ಕಡೆಯೂ ಕೆಲವರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ. ಹೈಬರಿಯ ಆಟದಂಗಳ ಈಗ ಫ್ಲ್ಯಾಟುಗಳ ನಡುವಿನ ತೋಟ. ಸಂಡರ್‌ಲೆಂಡ್ ತಂಡದ ರೋಕರ್ ಪಾರ್ಕಿದ್ದ ಕಡೆ ಬಂದ ಬೀದಿಗಳ ಹೆಸರು ಗೋಲ್‌ಮೌತ್ ಕ್ಲೋಸ್, ಮಿಡ್‌ಫೀಲ್ಡ್ ಡ್ರೈವ್, ಟರ್ನ್‌ಸ್ಟೈಲ್ ಮ್ಯೂಸ್. ಅಂಚೆಯವರು ದಿನಾ ಗೋಲಿನ ಬಾಯಿಗೆ ಕಾಗದ ತಲುಪಿಸುತ್ತಾರೆ.

ಮಿಡಲ್ಸ್‌ಬರೊದ ಏರ್ಸಮ್ ಪಾರ್ಕಿನ ಕಥೆ ಹೇಳಿ ಮುಗಿಸುತ್ತೇನೆ. 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾ ಅಲ್ಲಿ ಆಡಿತು. ಯಾರೂ ಹೆಸರೇ ಕೇಳಿರದ ಆಟಗಾರರು. ಎದುರಿಗೆ ಇಟಲಿ. ಜುಲೈ 19ರಂದು ಪಾಕ್ ಡೂ ಇಕ್ ಒಂದು ಗೋಲು ಹೊಡೆದರು. ಇಟಲಿ ಮನೆಗೆ ಹೋಯಿತು. ಆ ಉಕ್ಕಿನ ಊರಿನ ಜನ ಕೊರಿಯಾದವರನ್ನು ತಮ್ಮವರೇ ಎಂಬಂತೆ ಅಪ್ಪಿಕೊಂಡರು. ಮುಂದಿನ ಪಂದ್ಯ ಗುಡಿಸನ್‌ನಲ್ಲಿ, ಪೋರ್ಚುಗಲ್ ವಿರುದ್ಧ. ಅಲ್ಲಿಗೂ ಬೆನ್ನ ಹಿಂದೆ ಹೋದರು. 2002ರಲ್ಲಿ ಆ ತಂಡದಲ್ಲಿ ಇನ್ನೂ ಬದುಕಿದ್ದ ಆಟಗಾರರು ಮಿಡಲ್ಸ್‌ಬರೊಗೆ ಮತ್ತೆ ಬಂದರು. ಅಷ್ಟು ಹೊತ್ತಿಗೆ ಮೈದಾನ ಹೋಗಿ ಮನೆಗಳು ಬಂದಿದ್ದವು. ಆದರೆ ನೆವಿಲ್ ಗೇಬಿ ಎಂಬ ಕಲಾವಿದರು ಆ ಬಡಾವಣೆಯೊಳಗೆ ಹಳೆಯ ಮೈದಾನದ ಗುರುತುಗಳನ್ನು ಇಟ್ಟಿದ್ದಾರೆ. ಪಾಕ್ ಡೂ ಇಕ್ ಗೋಲು ಹೊಡೆದ ಜಾಗದಲ್ಲಿ, ಮನೆಗಳ ನಡುವೆ, ನೆಲದ ಮಟ್ಟಕ್ಕೆ ಒಂದು ಸಣ್ಣ ಕಂಚಿನ ಅಚ್ಚು ಇದೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅದರಲ್ಲಿ ಬೂಟಿನ ಮೊಳೆಗಳ ಗುರುತು ಕಾಣುತ್ತದೆ.

ನಮಸ್ಕಾರ.