ರಾಜನ ಹಲ್ಲುನೋವು, ಆಮೆಯ ಚಿಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ರಾಜನಿಗೆ ಹಲ್ಲುನೋವು. ಇದು ಸುಮಾರು 3,200 ವರ್ಷದ ಹಿಂದಿನ ಮಾತು. ಚೀನಾದ ಶಾಂಗ್ ವಂಶದ ರಾಜ ವೂ ಡಿಂಗ್ ಮೊದಲು ಕೇಳಿಸಿದ್ದು ಔಷಧಿಯನ್ನಲ್ಲ. ತೀರಿಕೊಂಡ ಹಿರಿಯರಲ್ಲಿ ಈ ಕಾಟ ಕೊಡ್ತಿರೋದು ಯಾರು ಅಂತ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿಸಿದ. ನಾಯಿ, ಕುರಿ ಬಲಿ ಕೊಡುವ ಮಾತೂ ಆಯಿತು.

ಕೇಳುವ ರೀತಿ ಹೀಗೆ. ಆಮೆಯ ಹೊಟ್ಟೆಯ ಕಡೆಯ ಚಿಪ್ಪನ್ನೋ ದನದ ಹೆಗಲ ಮೂಳೆಯನ್ನೋ ಉಜ್ಜಿ ನಯ ಮಾಡುತ್ತಿದ್ದರು. ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳಿ ಕೊರೆದು, ಅಲ್ಲಿ ಬಿಸಿ ತಾಗಿಸುತ್ತಿದ್ದರು. ಮೂಳೆ ಚಟ್ಟನೆ ಬಿರಿಯುತ್ತಿತ್ತು. ಮುಂದುಗಡೆ ಉದ್ದಕ್ಕೊಂದು ಬಿರುಕು, ಅದರ ಪಕ್ಕಕ್ಕೊಂದು ಗಿಡ್ಡ ಬಿರುಕು. ಅದನ್ನು ನೋಡಿ ಶಕುನ ಹೇಳುವುದು. ಚೀನೀ ಭಾಷೆಯಲ್ಲಿ ಶಕುನ ಕೇಳುವುದಕ್ಕೆ 'ಬು' ಎಂಬ ಅಕ್ಷರವಿದೆ. ಇವತ್ತಿಗೂ ಅದರ ಆಕಾರ ಆ ಬಿರುಕಿನದೇ!

ಮಳೆ, ಬೆಳೆ, ಬೇಟೆ, ಯುದ್ಧ, ಕೆಟ್ಟ ಕನಸು, ಎಲ್ಲಕ್ಕೂ ಪ್ರಶ್ನೆ. ಅವರ ವಾರಕ್ಕೆ ಹತ್ತು ದಿನ. ಒಂದು ವಾರ ಮುಗಿಯುವ ಹೊತ್ತಿಗೆ, ಬರುವ ವಾರ ತೊಂದರೆ ಇಲ್ಲ ತಾನೇ ಅಂತ ಇನ್ನೊಂದು ಪ್ರಶ್ನೆ. ಕೇಳಿದ್ದನ್ನು ಅದೇ ಮೂಳೆಯ ಮೇಲೆ ಕೆತ್ತಿಡುತ್ತಿದ್ದರು. ಆಮೇಲೆ ಅವೆಲ್ಲ ಮಣ್ಣು ಸೇರಿದವು. ಎಷ್ಟೋ ಕಾಲದ ನಂತರ ಅಂಥ ಮೂಳೆಗಳು 'ಡ್ರ್ಯಾಗನ್ ಮೂಳೆ' ಎಂಬ ಹೆಸರಲ್ಲಿ ಔಷಧಿ ಅಂಗಡಿಗೆ ಬಂದವು. ಜನ ಅರೆದು ಕುಡಿದರು. 1899ರಲ್ಲಿ ಬೀಜಿಂಗಿನ ಪಂಡಿತ ವಾಂಗ್ ಯೀರೊಂಗ್ ಅವರು ಇದು ಪುರಾತನ ಬರಹ ಎಂದು ಗುರುತಿಸಿದರು. ಅಷ್ಟರೊಳಗೆ ಎಷ್ಟು ಚರಿತ್ರೆ ಹೊಟ್ಟೆ ಸೇರಿತ್ತೋ!

ಉಳಿದವುಗಳಲ್ಲಿ ನನ್ನನ್ನು ತುಂಬಾ ಕಾಡುವುದು ಒಂದು ಹೆರಿಗೆಯ ಪ್ರಶ್ನೆ. ರಾಜನ ಹೆಂಡತಿ ಫು ಹಾವ್ ಬಸುರಿ. ಬಿರುಕು ನೋಡಿ ರಾಜ, ಇಂಥ ದಿನ ಹೆತ್ತರೆ ಒಳ್ಳೆಯದು, ಇಂಥ ದಿನವಾದರೆ ಇನ್ನೂ ಒಳ್ಳೆಯದು ಅಂದ. 31 ದಿನ ಕಳೆದು, ಅವೆರಡೂ ಅಲ್ಲದ ದಿನ ಹೆರಿಗೆಯಾಯಿತು. ಮೂಳೆಯ ಮೇಲೆ ಬರೆದಿದ್ದು ಇಷ್ಟು: ಒಳ್ಳೆಯದಾಗಲಿಲ್ಲ, ಹೆಣ್ಣು.

ತಮಾಷೆ ಏನು ಗೊತ್ತಾ? ಹೆತ್ತವಳು ಸಾಮಾನ್ಯ ಹೆಣ್ಣಲ್ಲ. 13,000 ಜನರ ಸೈನ್ಯದ ಜೊತೆ ಅವಳ ಹೆಸರು ಇಂಥದೇ ಮೂಳೆಯ ಮೇಲಿದೆ. 1976ರಲ್ಲಿ ಹೆನಾನ್ ಪ್ರಾಂತ್ಯದ ಆನ್‌ಯಾಂಗ್‌ನಲ್ಲಿ, ಯಾರೂ ದೋಚದ ಅವಳ ಗೋರಿ ಸಿಕ್ಕಿತು. ಅಗೆಸಿದವರೂ ಒಬ್ಬ ಮಹಿಳೆಯೇ, ಜಂಗ್ ಜನ್‌ಶ್ಯಾಂಗ್. ಒಳಗೆ 468 ಕಂಚಿನ ವಸ್ತು, 755 ಜೇಡ್ ಕಲ್ಲಿನವು, ಸಾವಿರಾರು ಕವಡೆ, ಭಾರಿ ಯುದ್ಧದ ಕೊಡಲಿಗಳು. ಜೊತೆಗೆ ಬಲಿಯಾದ 16 ಮನುಷ್ಯರು. ಆ ಕಂಚಿನ ಹೊಳಪು ನೋಡುವಾಗ ಇದನ್ನು ಮರೆಯೋದು ಸುಲಭ, ಅಲ್ವಾ?

ಅಲ್ಲಿ ಎರಡು ದೊಡ್ಡ ಚೌಕದ ಪಾತ್ರೆಗಳೂ ಇದ್ದವು. ಅವುಗಳ ಮೇಲೆ ಅವಳ ಇನ್ನೊಂದು ಹೆಸರಿದೆ, 'ತಾಯಿ ಶಿನ್'. ಸತ್ತ ಮೇಲೆ ಎಡೆ ಇಡುವಾಗ ಕರೆಯುವ ಹೆಸರು. ಇನ್ನು ಮುಂದೆ ಅರಮನೆಯಲ್ಲಿ ಯಾರಿಗೆ ಹಲ್ಲು ನೊಂದರೂ ಕೇಳಬೇಕಾದವರ ಸಾಲಿನಲ್ಲಿ ಅವಳೂ ಒಬ್ಬಳು.

ನಮಸ್ಕಾರ.